ತೊಟ್ಟಿ ಮನೆ: ಗೋಡೆ ತೇವ, ಮೂಲೆ ಸೋರಿಕೆ, ಕಂಬದ ಬುಡ ಲಡ್ಡು. ಯಾವುದನ್ನ ಮೊದಲು ಹಿಡಿಯೋದು?

ಮೂಡಲಬಾಗಿಲು

ಎಲ್ಲರಿಗೂ ನಮಸ್ಕಾರ. ಪಾಂಡವಪುರ ತಾಲ್ಲೂಕು, ನಾಲೆ ಬಯಲಿನ ಊರು. ಒಂಟಿ ತೊಟ್ಟಿಯ ಮನೆ, ಅಂದರೆ ನಡುವೆ ಬಯಲಿಗೆ ತೆರೆದ ಒಂದೇ ಅಂಗಳ. ಹೊರಗಿನ ಅಳತೆ 44 ಅಡಿಗೆ 52 ಅಡಿ, ತೊಟ್ಟಿ 10ಕ್ಕೆ 12. ಕೆಳಗೆ ಒಂದೂವರೆ ಅಡಿ ಕಲ್ಲು, ಅದರ ಮೇಲೆ ಪೂರ್ತಿ ಮಣ್ಣಿನ ಗೋಡೆ, ದಪ್ಪ 20ರಿಂದ 22 ಇಂಚು. ತೊಟ್ಟಿ ಸುತ್ತ ಎಂಟು ಮರದ ಕಂಬ, ಬೋದಿಗೆ (ಕಂಬದ ತಲೆಯ ಕೆತ್ತನೆ ಮರ), ಮೇಲೆ ಮಂಗಳೂರು ಹೆಂಚು. ಮುಂದೆ ಜಗುಲಿ, ಎಡಗಡೆ ಕೊಟ್ಟಿಗೆ (ಈಗ ಖಾಲಿ), ಹಿಂದೆ ಅಡಿಗೆಮನೆ, ಬಚ್ಚಲು.

ಸುಮಾರು ಹದಿನೈದು ವರ್ಷದ ಹಿಂದೆ ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಿ ಎಮಲ್ಷನ್ ಪೇಂಟ್ ಬಳಿದಿದ್ದಾರೆ. ಪಡಸಾಲೆಗೆ ಹಳೇ ನೆಲದ ಮೇಲೇ ಟೈಲ್ಸ್ ಕೂರಿಸಿದ್ದಾರೆ. ತೊಟ್ಟಿಯ ಕಲ್ಲಿನ ತೂಬು ಮುಚ್ಚಿ ಎರಡೂವರೆ ಇಂಚಿನ ಪಿವಿಸಿ ಪೈಪ್ ಹಾಕಿದ್ದಾರೆ.

ಈಗಿನ ಸ್ಥಿತಿ: ಪಡುವಣ ಗೋಡೆ ನೆಲದಿಂದ ಮೂರೂವರೆ ಅಡಿವರೆಗೆ ಒದ್ದೆ, ಪೇಂಟ್ ಸುಲಿದು ಬಿಳಿ ಉಪ್ಪು ಉದುರುತ್ತೆ. ತೊಟ್ಟಿಯ ಎರಡು ಮೂಲೆ ಸೋರುತ್ತೆ, ಅಲ್ಲಿ ಮರ ಕಪ್ಪಾಗಿದೆ. ಎರಡು ಕಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯುತ್ತೆ. ಜೋರು ಮಳೆ ಬಂದರೆ ತೊಟ್ಟಿ ತುಂಬಿ ಪಡಸಾಲೆಗೆ ನೀರು ಬರುತ್ತೆ.

ಒಬ್ಬ ಕಂಟ್ರಾಕ್ಟರ್ ಹೆಂಚು ಇಳಿಸಿ ಶೀಟ್ ಹಾಕಿ ತೊಟ್ಟಿ ಮುಚ್ಚಿಬಿಡೋಣ ಅಂತಾರೆ. ಇನ್ನೊಬ್ಬರು ಗೋಡೆಗೆ ವಾಟರ್‌ಪ್ರೂಫ್ ಕೆಮಿಕಲ್ ಹೊಡೆದರೆ ಸಾಕು ಅಂತಾರೆ. ಎಲ್ಲಿಂದ ಶುರು ಮಾಡೋದು? ಇನ್ನೊಂದು: ಹೆಂಚಿನ ಮೇಲೆ 1865 ಅಂತ ಅಚ್ಚಿದೆ. ಮನೆಯಲ್ಲಿ ಎಲ್ಲರೂ ಇದು 1865ರ ಮನೆ ಅಂತ ನಂಬಿದ್ದಾರೆ. ಸರಿಯಾ?

ನಕ್ಷೆಕಟ್ಟು

ಸದ್ಯಕ್ಕೆ ಇಬ್ಬರಿಗೂ ಮುಂಗಡ ಕೊಡಬೇಡಿ. ನೀವು ಬರೆದಿರೋ ನಾಲ್ಕು ತೊಂದರೆಗೂ ಬೇರು ನೀರೇ. ನೀರಿಗೆ ಹೊರಗೆ ಹೋಗೋ ದಾರಿ ಮೊದಲು, ಗೋಡೆ ಒಣಗೋದು ಆಮೇಲೆ, ಮರ ಮೂರನೇದು, ಗಿಲಾವು-ಬಣ್ಣ ಕಟ್ಟಕಡೆಗೆ. ಸಾಮಾನ್ಯವಾಗಿ ನಡೆಯೋದು ಇದರ ಉಲ್ಟಾ, ಯಾಕೆಂದರೆ ಕಣ್ಣಿಗೆ ಕಾಣೋದು ಬಣ್ಣ.

ಗೋಡೆ ವಿಷಯ. ಮಣ್ಣಿನ ಗೋಡೆ ಕೆಳಗಿನಿಂದ ತೇವ ಎಳೆಯೋದು ಹೊಸದಲ್ಲ, ಕಟ್ಟಿದ ದಿನದಿಂದ ಎಳೀತಾನೇ ಇದೆ. ಆಗ ಗೋಡೆಯ ಬುಡದಲ್ಲೇ ಎರಡೂ ಮೈಯಿಂದ ಆರಿ ಹೋಗ್ತಿತ್ತು, ಸಾರಿಸಿದ ನೆಲದಿಂದಲೂ ಆರ್ತಿತ್ತು. ಈಗ ನೆಲಕ್ಕೆ ಟೈಲ್ಸ್, ಗೋಡೆಗೆ ಎರಡೂ ಕಡೆ ಸಿಮೆಂಟ್, ಅದರ ಮೇಲೆ ಪ್ಲಾಸ್ಟಿಕ್ ಬಣ್ಣ. ಹೊರದಾರಿ ಸಿಗದ ತೇವ ಮೇಲಕ್ಕೆ ಹತ್ತುತ್ತಾ ಹೋಗುತ್ತೆ. ನಿಮ್ಮಲ್ಲಿ ಮೂರೂವರೆ ಅಡಿಗೆ ದಾರಿ ಸಿಕ್ಕಿದೆ, ಉಪ್ಪು ಅಲ್ಲೇ ಬಿಟ್ಟಿದೆ. ವಾಟರ್‌ಪ್ರೂಫ್ ಕೆಮಿಕಲ್ ಹೊಡೆದರೆ ಆ ಗೆರೆ ಐದಡಿಗೆ ಹೋಗುತ್ತೆ, ಅಷ್ಟೇ.

ಇದರಲ್ಲಿ ಅಂದಕ್ಕಿಂತ ದೊಡ್ಡ ಅಪಾಯ ಒಂದಿದೆ. ಒದ್ದೆ ಮಣ್ಣಿಗೆ ಭಾರ ಹೊರೋ ಶಕ್ತಿ ಇರಲ್ಲ. ಸಿಮೆಂಟ್ ಚಿಪ್ಪು ಗಟ್ಟಿಯಾಗಿ ಕಾಣ್ತಾ ಇದ್ದು ಒಳಗೆ ಮಣ್ಣು ಕೆಸರಾಗಿರಬಹುದು. ಪಡುವಣ ಗೋಡೆಯಲ್ಲಿ, ಮಣ್ಣು ಶುರುವಾಗೋ ಜಾಗಕ್ಕಿಂತ ಅರ್ಧ ಅಡಿ ಮೇಲೆ ಒಂದಡಿ ಚೌಕ ಗಿಲಾವು ತೆಗೆದು, ಎರಡು ಇಂಚು ಒಳಗಿನ ಮಣ್ಣು ಕೆರೆದು ನೋಡಿ. ಒತ್ತಿದರೆ ಪುಡಿಯಾದರೆ ಚಿಂತೆಯಿಲ್ಲ. ಅಂಗೈಯಲ್ಲಿ ಉಂಡೆ ಕಟ್ಟೋಕೆ ಬಂದರೆ, ಆ ಗೋಡೆ ಮೇಲೆ ಕೂತಿರೋ ತೊಲೆಗಳಿಗೆಲ್ಲ ಜಾಕಿ ಕೊಟ್ಟ ಮೇಲೇ ಮುಂದಿನ ಕೆಲಸ.

ನೀರು ಎಲ್ಲಿಂದ ಬರ್ತಿದೆ ಅಂತ ತಿಳಿಯೋಕೆ ಮೀಟರ್ ಬೇಡ. ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ, ತಿಂಗಳಿಗೊಂದು. ನಾಲೆಗೆ ನೀರು ಬಿಟ್ಟಾಗ ಏರಿ, ನಿಂತಾಗ ಇಳಿದರೆ ಅದು ಅಂತರ್ಜಲ. ಮಳೆ ಬಂದ ವಾರವೇ ಏರಿದರೆ ಬೀದಿ ನೀರು ಅಥವಾ ಚಾವಣಿ. ವರ್ಷವಿಡೀ ಅಲ್ಲಾಡದೆ ನಿಂತಿದ್ದರೆ ಬಚ್ಚಲಿನ ಪೈಪ್ ನೋಡಿ.

ಹೊರಗಡೆ ಬೀದಿ ಮಟ್ಟವೂ ನೋಡಿ. ಸಿಸಿ ರಸ್ತೆ ಮೇಲೆ ಸಿಸಿ ರಸ್ತೆ ಹಾಕಿ ಎಷ್ಟೋ ಊರಲ್ಲಿ ಬೀದಿಯೇ ಜಗುಲಿ ಮಟ್ಟಕ್ಕೆ ಬಂದಿದೆ. ಗೋಡೆ ಪಕ್ಕದ ಮಣ್ಣು ಒಳಗಿನ ನೆಲಕ್ಕಿಂತ ಕನಿಷ್ಠ ಅರ್ಧ ಅಡಿ ಕೆಳಗಿರಬೇಕು. ಆಗದಿದ್ದರೆ ಗೋಡೆಯಿಂದ ಎರಡಡಿ ದೂರ ಬಿಟ್ಟು, ಒಂದಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿ 40 ಎಂಎಂ ಜಲ್ಲಿ ತುಂಬಿ, ಒಂದು ಕಡೆಗೆ ಓಟ (ಇಳಿಜಾರು) ಕೊಡಿ. ಪಾಯದ ಕಲ್ಲಿನ ತಳಕ್ಕಿಂತ ಕೆಳಗೆ ಮಾತ್ರ ತೋಡಬೇಡಿ, ಪಾಯ ಆ ಕಡೆಗೆ ಜರುಗುತ್ತೆ.

ತೊಟ್ಟಿ ತುಂಬೋದು ಬರೀ ಲೆಕ್ಕದ ಮಾತು. ಚಾವಣಿಯ ನೆತ್ತಿ ಅಂಕಣದ (ಹೊರಗೋಡೆಗೂ ತೊಟ್ಟಿಗೂ ನಡುವಿನ ಭಾಗದ) ಮಧ್ಯಕ್ಕಿದೆ ಅಂದುಕೊಂಡರೆ ಒಳಗೆ ಇಳಿಯೋ ಭಾಗ, ತೊಟ್ಟಿ ಸೇರಿ, 27ಕ್ಕೆ 32 ಅಡಿ, ಅಂದರೆ 864 ಚದರಡಿ, ಸುಮಾರು 80 ಚದರ ಮೀಟರ್. ಗಂಟೆಗೆ 50 ಮಿ.ಮೀ. ಮಳೆಗೆ 4,000 ಲೀಟರ್ ಬರುತ್ತೆ. ಆದರೆ ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಐದು-ಹತ್ತು ನಿಮಿಷ ಅದರ ಮೂರರಷ್ಟು ರಭಸ ಇರಬಹುದು. ಆಗ ಸೆಕೆಂಡಿಗೆ 3 ಲೀಟರಿಗೂ ಮೀರಿ ಇಳಿಯುತ್ತೆ. ಎರಡೂವರೆ ಇಂಚಿನ ಪೈಪ್ ನೂರಕ್ಕೊಂದು ಓಟದಲ್ಲಿ ಎರಡು ಲೀಟರಿಗೆ ಸ್ವಲ್ಪ ಮೇಲೆ ಎಳೆದರೆ ಹೆಚ್ಚು, ಅದೂ ಬಾಯಿಗೆ ಒಂದು ಎಲೆಯೂ ಸಿಕ್ಕದಿದ್ದರೆ. 110 ಎಂಎಂ ಪೈಪ್ ಅದರ ಎರಡು ಪಟ್ಟಿಗೂ ಹೆಚ್ಚು ಎಳೆಯುತ್ತೆ. ಹಳೇ ತೂಬಿನ ಕಲ್ಲು ಒಡೆದಿಲ್ಲ ಅಂದರೆ ಅದನ್ನೇ ಬಿಡಿಸಿ. ಕಟ್ಟಿದವರು ಈ ಲೆಕ್ಕ ಹಾಕಿಯೇ ಅಷ್ಟು ದೊಡ್ಡ ಕಂಡಿ ಇಟ್ಟಿದ್ದು.

ಬಾಚಿಉಳಿ

ನಕ್ಷೆಕಟ್ಟು ಸಾರ್ ಹೇಳಿದ ಕ್ರಮ ಸರಿ, ಒಂದು ತಿದ್ದುಪಡಿ. ಮೂಲೆ ಸೋರಿಕೆ ಗೋಡೆ ಒಣಗೋವರೆಗೂ ಕಾಯೋ ಕೆಲಸ ಅಲ್ಲ. ಈ ಮಳೆಗಾಲಕ್ಕೇ ಆ ಎರಡು ಮೂಲೆಗೆ ಟಾರ್ಪಾಲಿನ್ ಕಟ್ಟಿ, ಬೇಸಿಗೆಯಲ್ಲಿ ಬಿಚ್ಚಿ.

ಮೂಲೆ ಯಾಕೆ ಸೋರುತ್ತೆ ಅಂದರೆ, ಎರಡು ಇಳಿಜಾರು ಒಳಗಡೆ ಸೇರೋ ಗೆರೆ ಚಾವಣಿಗಿಂತ ಚಪ್ಪಟೆಯಾಗಿರುತ್ತೆ. ಚಾವಣಿ 30 ಡಿಗ್ರಿ ಇದ್ದರೆ ಆ ಗೆರೆ 22 ಡಿಗ್ರಿ ಮಾತ್ರ. ಎರಡು ಕಡೆಯ ನೀರೂ ಅಲ್ಲೇ ಬರುತ್ತೆ, ಓಟ ಕಮ್ಮಿ, ಎಲೆ-ಕಸ ಅಲ್ಲೇ ನಿಲ್ಲುತ್ತೆ. ಸಾಮಾನ್ಯವಾಗಿ ಅಲ್ಲಿ ಯಾರೋ ಸಿಮೆಂಟ್ ಮೆತ್ತಿರ್ತಾರೆ. ಬಿಸಿಲಿಗೆ ಹೆಂಚು ಒಂದು ಲೆಕ್ಕದಲ್ಲಿ ಹಿಗ್ಗುತ್ತೆ, ಸಿಮೆಂಟ್ ಇನ್ನೊಂದು ಲೆಕ್ಕದಲ್ಲಿ. ಮೊದಲನೇ ವರ್ಷವೇ ಕೂದಲೆಳೆ ಬಿರುಕು ಬಿಡುತ್ತೆ. ಆ ಬಿರುಕು ನೀರನ್ನ ಒಳಗೆ ಎಳ್ಕೊಳುತ್ತೆ, ಹೊರಗೆ ಬಿಡಲ್ಲ.

ಮೆತ್ತಿದ್ದೆಲ್ಲ ಕಿತ್ತು, ಕೆಳಗಿನ ಮೂಲೆ ತೊಲೆ ತೋರೋವರೆಗೆ ಎರಡೂ ಕಡೆ ಮೂರು ಸಾಲು ಹೆಂಚು ತೆಗೀರಿ. ತೊಲೆ ಮೇಲೆ ಎರಡೂ ಕಡೆಗೆ ಒಂದೊಂದು ಅಡಿ ಹಲಗೆ ಹೊಡೆದು, ಅದರ ಮೇಲೆ 24 ಗೇಜ್ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡು, ಬಿಚ್ಚಿದ ಅಗಲ ಎರಡಡಿ. ತಗಡಿನ ಎರಡೂ ಅಂಚು ಮುಕ್ಕಾಲು ಇಂಚು ಮೇಲಕ್ಕೆ ಮಡಚಿರಬೇಕು. ಈ ಮಡಿಕೆ ಇಲ್ಲದ ತಗಡು ಹಾಕೋದೂ ಒಂದೇ, ಬಿಡೋದೂ ಒಂದೇ. ಜಾಯಿಂಟ್ ಬಂದರೆ ಮೇಲಿನದು ಕೆಳಗಿನದರ ಮೇಲೆ ಆರಿಂಚು ಕೂರಲಿ. ಮೊಳೆ ಅಂಚಲ್ಲಿ ಮಾತ್ರ, ನಡುವೆ ಒಂದೂ ಬೇಡ. ಹೆಂಚು ಓರೆಗೆ ಕಟ್ಟರ್‌ನಲ್ಲಿ ಕೊಯ್ದು ಎರಡೂ ಕಡೆಯಿಂದ ತಗಡಿನ ಮೇಲೆ ಸುಮಾರು ಎಂಟಿಂಚು ಚಾಚಿಸಿ, ಮಧ್ಯ ಐದಾರು ಇಂಚು ಬಯಲು ಬಿಡಿ, ಗುಡಿಸೋಕೆ ಕೈ ಹೋಗಬೇಕು. ಅಲ್ಯೂಮಿನಿಯಂ ತಗಡು ಬೇಡ. ಮುಂದೆ ನೆತ್ತಿಯ ಹೆಂಚಿಗೆ ಹಾಕೋ ಸುಣ್ಣದ ನೀರು ಇಳಿದರೆ ತೂತು ಬೀಳುತ್ತೆ.

ಹೆಂಚು ಇಳಿಸಿದಾಗ ಒಂದೊಂದನ್ನೂ ಬೆರಳ ಗೆಣ್ಣಲ್ಲಿ ತಟ್ಟಿ. ಟಣ್ ಅಂದರೆ ಇಟ್ಕೊಳಿ, ಡೊಬ್ ಅಂದರೆ ಒಳಗೆ ಸೀಳಿದೆ. ನೂರು ಚದರಡಿಗೆ ಸುಮಾರು 150 ಹೆಂಚು ಬೇಕು. ಹೊಸದು ತರೋ ಮುಂಚೆ ಹಳೇದೊಂದನ್ನ ಅಂಗಡಿಗೆ ತಗೊಂಡು ಹೋಗಿ ಒಂದರೊಳಗೊಂದು ಕೂರಿಸಿ ನೋಡಿ. ಕಾರ್ಖಾನೆಯಿಂದ ಕಾರ್ಖಾನೆಗೆ ಗಾಡಿಯ (ಹೆಂಚು ಒಂದಕ್ಕೊಂದು ಕೂರೋ ತೋಡಿನ) ಅಳತೆ ಎರಡು-ಮೂರು ಎಂಎಂ ಬೇರೆ ಇರುತ್ತೆ, ಕೂರಲ್ಲ. ಹೊಸದನ್ನೆಲ್ಲ ಕೊಟ್ಟಿಗೆ ಕಡೆ ಒಟ್ಟಿಗೆ ಹಾಕಿ, ಹಳೇದನ್ನ ಮುಂದಕ್ಕೆ ತನ್ನಿ.

ಕಂಬದ ಬುಡ. ಎಂಟು ಕಂಬವೂ ಕಲ್ಲಿನ ಪೀಠದ ಮೇಲಿರಬೇಕು. ಈಗ ಪೀಠ ಕಾಣುತ್ತಾ? ಟೈಲ್ಸ್ ಹಾಕುವಾಗ ನೆಲ ಎರಡು-ಮೂರು ಇಂಚು ಏರಿ ಪೀಠ ಮುಳುಗಿ ಮರದ ಸುತ್ತ ಸಿಮೆಂಟ್ ಬಂದಿರುತ್ತೆ. ನೆಲ ತೊಳೆದಾಗಲೆಲ್ಲ ನೀರು ಆ ಸಂದಿಯಲ್ಲಿ ನಿಂತು ಬುಡ ಕೊಳೆಯುತ್ತೆ. ಗೆದ್ದಲಿಗೂ ಅದೇ ಬಾಗಿಲು. ಮೊದಲು ಪ್ರತಿ ಕಂಬದ ಸುತ್ತ ಅರ್ಧ ಅಡಿ ಟೈಲ್ಸ್ ಕೊಯ್ದು ಪೀಠ ಬಯಲಿಗೆ ತನ್ನಿ. ಎಂಟಕ್ಕೂ ಮಾಡಿ, ಕೆಟ್ಟ ಎರಡಕ್ಕೆ ಮಾತ್ರ ಅಲ್ಲ.

ಕೆಟ್ಟ ಕಂಬ ಪೂರ್ತಿ ಬದಲಾಯಿಸಬೇಕಿಲ್ಲ. ಕಂಬದ ಎರಡೂ ಪಕ್ಕ, ಒಂದೂವರೆ ಅಡಿ ದೂರದಲ್ಲಿ ತೊಲೆಗೆ ಜಾಕಿ ಕೊಡಿ. ತೊಲೆಗೂ ಜಾಕಿಗೂ ನಡುವೆ ಎರಡಿಂಚಿನ ಹಲಗೆ ಇರಲಿ. ಎತ್ತೋದು ಎರಡು ಎಂಎಂ ಸಾಕು. ಅದಕ್ಕಿಂತ ಎತ್ತಿದರೆ ಮೇಲಿನ ಹೆಂಚೆಲ್ಲ ಸಾಲು ತಪ್ಪುತ್ತೆ, ಬೋದಿಗೆಯ ಕುಸುರು ಕಿತ್ತುಬರುತ್ತೆ. ಕೊಳೆತ ಭಾಗದ ಮೇಲೆ ಇನ್ನೂ ಮೂರಿಂಚು ಒಳ್ಳೇ ಮರ ಸೇರಿಸಿ ಕೊಯ್ದು, ಅದೇ ಜಾತಿಯ ಒಣಗಿದ ಮರದಲ್ಲಿ ಬುಡ ಮಾಡಿ, ಅರ್ಧಕ್ಕರ್ಧ ಕಚ್ಚು ಕೊಟ್ಟು ಮರದ ಗೂಟ ಹೊಡೆಯಿರಿ. ಕಚ್ಚಿನ ಉದ್ದ ಕಂಬದ ದಪ್ಪದ ಎರಡರಷ್ಟಾದರೂ ಇರಲಿ. ಹಸಿ ಮರ ತಂದರೆ ಆರು ತಿಂಗಳಲ್ಲಿ ಕಚ್ಚು ಬಾಯಿ ಬಿಡುತ್ತೆ.

ಜಾಕಿ ನಿಲ್ಲಿಸೋ ಮುಂಚೆ ಪಡಸಾಲೆ ನೆಲವನ್ನ ಹಾರೆಯ ಹಿಂಬದಿಯಿಂದ ಕುಟ್ಟಿ ನೋಡಿ. ಈ ಭಾಗದ ಹಳೇ ಮನೆಗಳಲ್ಲಿ ರಾಗಿ ತುಂಬೋ ಹಗೇವು ಒಳಗೇ ಇದ್ದು ಮೇಲೆ ಚಪ್ಪಡಿ ಮುಚ್ಚಿ ಮರೆತಿರ್ತಾರೆ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಅದರ ಮೇಲೆ ಜಾಕಿ ನಿಂತರೆ ನೆಲದ ಸಮೇತ ಒಳಗೆ. ಸಿಕ್ಕಿದರೆ ತಕ್ಷಣ ಯಾರನ್ನೂ ಇಳಿಸಬೇಡಿ. ಮುಚ್ಚಿದ ಹಗೇವಲ್ಲಿ ಕೆಟ್ಟ ಗಾಳಿ ಕೂತಿರುತ್ತೆ, ಇಳಿದವರು ಉಸಿರು ಕಟ್ಟಿ ಸಾಯ್ತಾರೆ. ಬಾಯಿ ತೆಗೆದು ದಿನಗಟ್ಟಲೆ ಗಾಳಿಯಾಡಿಸಿ, ಕೆಳಗೆ ಇಳಿಯದೆ ಮೇಲಿಂದಲೇ ಒಣ ಮರಳು ತುಂಬಿ.

ಹಿತ್ತಿಲಗಿಡ

ಸಿಮೆಂಟ್ ಕಿತ್ತು ಹಳೇ ಕಾಲದ ಗಾರೆ ಮಾಡಿಸಿ ಗುರುವೇ. ಸುಣ್ಣ, ಬೆಲ್ಲ, ಅಳಲೆಕಾಯಿ ನೀರು. ಅರಮನೆ ಕಾಲದ ಗಾರೆ ಕಲ್ಲಿನ ಥರ ಇದೆ, ಇನ್ನೂರು ವರ್ಷ ಅಲ್ಲಾಡಲ್ಲ. ಬೇಕಾದರೆ ಗಟ್ಟಿಗಿರಲಿ ಅಂತ ಒಂದು ಪಾಲು ಸಿಮೆಂಟ್ ಸೇರಿಸಬಹುದು.

ಗಾರೆಗಾಣ

ಬೆಲ್ಲ, ಅಳಲೆಕಾಯಿ ಮಾಳಿಗೆಯ ಗಚ್ಚಿಗೆ, ಇಟ್ಟಿಗೆ ಕಟ್ಟಡಕ್ಕೆ ಸರಿ. ಇದು ಮಣ್ಣಿನ ಗೋಡೆ. ಕಲ್ಲಿನ ಥರ ಗಟ್ಟಿಯಾದ ಪದರ ಮೆತ್ತನೆ ಮಣ್ಣಿನ ಮೇಲೆ ಕೂತರೆ ಹಪ್ಪಳದ ಹಾಗೆ ಎದ್ದು ಬರುತ್ತೆ. ಹೊರಪದರ ಯಾವಾಗಲೂ ಒಳಗಿನದಕ್ಕಿಂತ ಮೆತ್ತಗಿರಬೇಕು. ಆ ಒಂದು ಪಾಲು ಸಿಮೆಂಟ್ ಸೇರಿಸಿದರೆ ಗೋಡೆ ಉಸಿರಾಡೋದು ನಿಲ್ಲುತ್ತೆ, ಮತ್ತೆ ಇಲ್ಲಿಗೇ ಬರ್ತೀರಿ.

ಗಿಲಾವು ತೆಗೆಯೋದಕ್ಕೆ ಬ್ರೇಕರ್ ಮೆಷಿನ್ ತರಿಸಬೇಡಿ, ಆ ನಡುಕಕ್ಕೆ ಒದ್ದೆ ಗೋಡೆ ಕುಸಿಯಬಹುದು. ಗ್ರೈಂಡರ್‌ನಲ್ಲಿ ಗಿಲಾವಿನ ದಪ್ಪದಷ್ಟೇ ಆಳಕ್ಕೆ ಎರಡಡಿ ಚೌಕ ಕೊಯ್ದು, ಮೇಲಿನಿಂದ ಕೆಳಕ್ಕೆ ಅಗಲ ಉಳಿಯಲ್ಲಿ ಬಿಡಿಸ್ತಾ ಬನ್ನಿ. ಸ್ವಲ್ಪ ಮಣ್ಣು ಜೊತೆಗೆ ಬಂದೇ ಬರುತ್ತೆ. ಒಂದೇ ದಿನ ಒಂದು ಗೋಡೆಯ ಎರಡೂ ಮೈ ಬಿಚ್ಚಬೇಡಿ. ಹೊರಮೈ ಬಿಚ್ಚೋದು ಸಂಕ್ರಾಂತಿ ಕಳೆದ ಮೇಲೆ, ಮೇವರೆಗೂ ಬಿಸಿಲಿಗೆ ಬಿಡಿ. ಒಣಗೋ ಲೆಕ್ಕ ಒರಟಾಗಿ ಇಂಚಿಗೆ ಒಂದು ತಿಂಗಳು. 20 ಇಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೂ ಹತ್ತು ತಿಂಗಳು. ಕಂಟ್ರಾಕ್ಟರುಗಳಿಗೆ ಈ ಕಾಯೋದೇ ಆಗಿಬರಲ್ಲ. ಮಳೆಗಾಲ ನಡುವೆ ಬಂದರೆ ಹೊರಗಡೆ ಒಂದು ಪದರ ಮಣ್ಣು ಮೆತ್ತಿ, ಸೂರಿನಿಂದ ತೆಂಗಿನ ಗರಿ ತಡಿಕೆ ಇಳಿಬಿಡಿ. ಉದುರಿದ ಬಿಳಿ ಉಪ್ಪನ್ನ ಒಣ ಬ್ರಷ್‌ನಲ್ಲಿ ಉಜ್ಜಿ ಮೊರದಲ್ಲಿ ಹಿಡಿದು ಹೊರಗೆ ಹಾಕಿ. ನೀರಲ್ಲಿ ತೊಳೆದರೆ ವಾಪಸ್ ಒಳಗೆ ಹೋಗುತ್ತೆ.

ಮೊದಲ ಪದರ ಮಣ್ಣೇ. ಕೆಮ್ಮಣ್ಣು ಒಂದು ಪಾಲು, ಮರಳು ಎರಡು ಪಾಲು, ಎರಡು-ಮೂರು ಇಂಚಿಗೆ ಕತ್ತರಿಸಿದ ಭತ್ತದ ಹುಲ್ಲು ಸೇರಿಸಿ ತುಳಿದು ಒಂದು ವಾರ ಒದ್ದೆಯಾಗಿ ಕಳಿಯೋಕೆ ಬಿಡಿ. ಎರೆಮಣ್ಣು ಬೇಡವೇ ಬೇಡ, ಒಣಗಿದರೆ ಬೆರಳು ಹೋಗೋಷ್ಟು ಬಿರಿಯುತ್ತೆ. ಮಿಶ್ರಣ ಸರಿಯಾ ಅಂತ ತಿಳಿಯೋಕೆ ಗೋಡೆಯ ಮೇಲೇ ಎರಡಡಿ ಚೌಕ ಬಳಿದು ನಾಲ್ಕು ದಿನ ಬಿಡಿ. ಬಿರುಕು ಬಂದರೆ ಮರಳು ಹೆಚ್ಚಿಸಿ, ಕೈ ಸವರಿದರೆ ಉದುರಿದರೆ ಮಣ್ಣು ಹೆಚ್ಚಿಸಿ. ಅರ್ಧರ್ಧ ಇಂಚಿನ ಎರಡು ಪದರ, ಮೊದಲನೇದು ಪೂರ್ತಿ ಒಣಗಿದ ಮೇಲೆ ಎರಡನೇದು. ಮೈ ನುಣುಪು ಮಾಡಬೇಡಿ, ಬೆರಳಲ್ಲಿ ಗೀರಿ ಬಿಡಿ, ಸುಣ್ಣಕ್ಕೆ ಹಿಡಿತ ಬೇಕು.

ಸುಣ್ಣ: ಸುಟ್ಟ ಕಲ್ಲುಸುಣ್ಣ ತಂದು ಮನೆಯಲ್ಲೇ ಅರಳಿಸೋದು ಒಳ್ಳೇದು. ಡ್ರಮ್ಮಿಗೆ ಮೊದಲು ನೀರು, ಆಮೇಲೆ ಸುಣ್ಣ, ಸ್ವಲ್ಪಸ್ವಲ್ಪ. ಸುಣ್ಣದ ರಾಶಿ ಮೇಲೆ ನೀರು ಸುರಿದರೆ ಕುದ್ದು ಮುಖಕ್ಕೆ ಹಾರುತ್ತೆ. ಕಣ್ಣಿಗೆ ಕನ್ನಡಕ ಇಲ್ಲದೆ ಹತ್ತಿರ ಹೋಗಬಾರದು, ಮಕ್ಕಳನ್ನಂತೂ ದೂರ ಇಡಿ. ಸೋಸಿ, ಮೇಲೆ ಎರಡಿಂಚು ನೀರು ನಿಲ್ಲಿಸಿ ಮುಚ್ಚಿಡಿ. ಹದಿನೈದು ದಿನ ಕನಿಷ್ಠ, ಮೂರು ತಿಂಗಳಾದರೆ ಬೆಣ್ಣೆ ಹದ ಬರುತ್ತೆ. ಅರಳದೆ ಉಳಿದ ಕಾಳು ಗೋಡೆ ಮೇಲೆ ಹೋದರೆ ತಿಂಗಳು ಬಿಟ್ಟು ಪಟ್ ಅಂತ ಸಿಡಿದು ಗುಳಿ ಬೀಳುತ್ತೆ. ಸೋಸೋದು, ಕಾಯೋದು ಎರಡೂ ಅದಕ್ಕೇ.

ಸುಣ್ಣ ಒಂದು, ಮರಳು ಮೂರು. ಎಂ-ಸ್ಯಾಂಡ್ ಆದರೆ ಪ್ಲಾಸ್ಟರಿಂಗ್‌ದೇ ಕೇಳಿ, ಅದನ್ನೂ ಒಂದು ಸಲ ತೊಳೆದು ಧೂಳು ತೆಗೀರಿ. ದಪ್ಪ ಎಂಟು ಎಂಎಂ ಮೀರೋದು ಬೇಡ. ಬಳಿಯೋ ಮುಂಚೆ ಮಣ್ಣಿನ ಮೈಗೆ ನೀರು ಚಿಮುಕಿಸಿ, ಆಮೇಲೆ ಒಂದು ವಾರ ಒದ್ದೆ ಗೋಣಿಚೀಲ ಇಳಿಬಿಡಿ. ಬಿಸಿಲಲ್ಲಿ ಬೇಗ ಒಣಗಿದ ಸುಣ್ಣ ಗಟ್ಟಿಯಾಗಲ್ಲ, ಸೀಮೆಸುಣ್ಣ ಆಗುತ್ತೆ. ಈ ಕೆಲಸಕ್ಕೆ ನವೆಂಬರ್-ಡಿಸೆಂಬರ್ ಹವಾ ಚೆನ್ನ. ಬಣ್ಣಕ್ಕೆ ತಿಳಿ ಹಾಲಿನಷ್ಟು ತೆಳು ಸುಣ್ಣ, ದಿನಕ್ಕೊಂದರಂತೆ ನಾಲ್ಕೈದು ಕೈ. ಒಂದೇ ಸಲ ದಪ್ಪ ಬಳಿದರೆ ಬಟ್ಟೆಗೆ ಅಂಟುತ್ತೆ. ಕೆಳಗಿನ ಎರಡಡಿಗೆ ಕೆಮ್ಮಣ್ಣು ಪಟ್ಟಿ ಬಳಿಯೋ ರೂಢಿ ಇದೆಯಲ್ಲ, ಅದನ್ನೂ ಮಾಡಿ. ಬುಡ ಕೆಡೋದು ಅಲ್ಲೇ, ವರ್ಷಕ್ಕೊಂದು ಸಲ ಅಷ್ಟು ಮಾತ್ರ ಬಳಿದರೆ ಆಯ್ತು.

ಹಳೇಕಡತ

1865ರ ಬಗ್ಗೆ. ಅದು ಮನೆಯ ವರ್ಷವೂ ಅಲ್ಲ, ಹೆಂಚಿನ ವರ್ಷವೂ ಅಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ 1865. ದಶಕಗಟ್ಟಲೆ ಅದೇ ಇಸವಿಯ ಅಚ್ಚು ಒತ್ತಿದ್ದಾರೆ. ಬೇರೆ ಕಂಪನಿಗಳೂ ಹಾಗೇ, ಆಲ್ಬುಕರ್ಕ್ ಹೆಂಚಿನ ಮೇಲೆ ಕಾಣೋದು 1868. ಬೆಂಗಳೂರು-ಮೈಸೂರು ರೈಲು ಪೂರ್ತಿಯಾಗಿದ್ದೇ 1882ರಲ್ಲಿ. ಘಟ್ಟದ ಕೆಳಗಿನ ಹೆಂಚು 1865ರಲ್ಲೇ ಪಾಂಡವಪುರದ ಹಳ್ಳಿಗೆ ಗಾಡಿಯಲ್ಲಿ ಬಂತು ಅನ್ನೋದು ಕಷ್ಟ.

ಅಚ್ಚಿನಿಂದ ಸಿಗೋ ನಿಜವಾದ ಸುಳಿವು ಹೆಸರು. 1914ರ ಯುದ್ಧದ ನಂತರ ಮಿಷನ್ನಿನ ಕಾರ್ಖಾನೆಗಳು ಕೈಬದಲಾಗಿ ಕಾಮನ್‌ವೆಲ್ತ್ ಟ್ರಸ್ಟ್ ಹೆಸರಿಗೆ ಬಂದವು. ನಿಮ್ಮ ಹೆಂಚಲ್ಲಿ ಬಾಸೆಲ್ ಮಿಷನ್ ಅಂತ ಇದ್ದರೆ ಆ ಹೆಂಚು ಅದಕ್ಕಿಂತ ಹಿಂದಿನದು. ಆದರೆ ಹೆಂಚು ಮನೆಗಿಂತ ಹೊಸದಿರಬಹುದು, ನಾಡಹೆಂಚು (ಕುಂಬಾರರ ಕೈಹೆಂಚು) ಇಳಿಸಿ ಮಂಗಳೂರು ಹೆಂಚು ಏರಿಸಿದ ಮನೆಗಳೇ ಹೆಚ್ಚು. ಜಂತೆಗಳ ಮೇಲೆ ಈಗಿನ ಪಟ್ಟಿಗಳಿಗೆ ಸೇರದ ಹಳೇ ಮೊಳೆ ತೂತುಗಳಿದ್ದರೆ, ಬಿದಿರಿನ ಗಳ ಕಟ್ಟಿದ ಹಗ್ಗದ ಸವಕಲು ಇದ್ದರೆ, ಚಾವಣಿ ಒಂದು ಸಲ ಬದಲಾಗಿದೆ.

ಬಾಚಿಉಳಿ ಅವರು ಹೇಳಿದಂತೆ ಮೂಲೆ ಬಿಚ್ಚಿದಾಗ ತೊಲೆಯ ಮೇಲ್ಮೈ ಫೋಟೋ ತೆಗೆದಿಡಿ. ಬಾಚಿಯ ಕಚ್ಚು ಇದ್ದರೆ ಕೈಯಲ್ಲಿ ಕೆತ್ತಿದ್ದು. ಕಮಾನಿನಂಥ ಗೀರು ಇದ್ದರೆ ದುಂಡು ಗರಗಸದ ಮಿಲ್ಲಿನದು. ಕಮ್ಮಾರ ಬಡಿದ ಚೌಕ ಮೊಳೆ ಹಳೇದು, ದುಂಡು ತಂತಿ ಮೊಳೆ ಈಚಿನದು.

ಬ್ರಿಟನ್ನಿನ ವೇಲ್ಸ್‌ನಲ್ಲಿ ಹಳೇ ರೈತರ ಮನೆಗಳ ಓಕ್ ತೊಲೆಯಿಂದ ಪೆನ್ಸಿಲ್ ದಪ್ಪದ ತುಂಡು ಕೊರೆದು, ವರ್ಷದ ಉಂಗುರ ಅಳೆದು, ಮರ ಕಡಿದ ವರ್ಷವನ್ನೇ ಹೇಳ್ತಾರೆ. ನಮ್ಮ ಹಲಸು, ಮತ್ತಿಗೆ ಆ ದಾರಿ ಇಲ್ಲ. ಆದರೆ ಅಲ್ಲಿನ ಒಂದು ಪಾಠ ಇಲ್ಲಿಗೂ ಹೊಂದುತ್ತೆ. ಕಾರ್ಡಿಫ್ ಹತ್ತಿರದ ಸೇಂಟ್ ಫಾಗನ್ಸ್ ವಸ್ತುಸಂಗ್ರಹಾಲಯಕ್ಕೆ ಸಾಗಿಸಿ ಮತ್ತೆ ಕಟ್ಟಿರೋ ಕೆನಿಕ್ಸ್‌ಟನ್ ಅನ್ನೋ ಮನೆ ಶುರುವಾಗಿದ್ದು 1610ರಲ್ಲಿ, ಉಳಿದ ಭಾಗ ಸೇರಿದ್ದು 1680, 1750ರ ಆಸುಪಾಸಿನಲ್ಲಿ. ನಿಮ್ಮಲ್ಲೂ ಕೊಟ್ಟಿಗೆ ಗೋಡೆ ನಡುಮನೆ ಗೋಡೆಗೆ ಕಚ್ಚಿಕೊಂಡಿದೆಯಾ, ಬರೀ ಒರಗಿ ನಿಂತಿದೆಯಾ ನೋಡಿ. ಒರಗಿದ್ದರೆ ಅದು ಆಮೇಲಿನ ಸೇರ್ಪಡೆ. ಸಿಮೆಂಟ್ ಬಿಚ್ಚಿದಾಗ ಈ ಸಂದಿ ತಾನಾಗೇ ಕಾಣುತ್ತೆ, ಮತ್ತೆ ಮುಚ್ಚೋ ಮುಂಚೆ ಅಳತೆ ಬರೆದಿಟ್ಕೊಳಿ.

ಕಾಗದ ಹುಡುಕೋದಾದರೆ ಪಹಣಿ ಹಿಡಿದು ಕೂರಬೇಡಿ, ಅದು ಜಮೀನಿಗೆ. ಮನೆ ಇರೋದು ಗ್ರಾಮಠಾಣೆಯಲ್ಲಿ. ಹಳೇ ಪಾಲುಪಟ್ಟಿ, ಭೋಗ್ಯಪತ್ರಗಳಲ್ಲಿ ಚೆಕ್ಕುಬಂದಿ ಜೊತೆ "ಹೆಂಚಿನ ಮನೆ", "ಹುಲ್ಲಿನ ಮನೆ" ಅಂತ ಬರೆದಿರ್ತಾರೆ, ಅದೇ ಬಂಗಾರ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ. ಅದಕ್ಕೆ ಹಿಂದಿನ ಪತ್ರಗಳಲ್ಲಿ ಮೈಸೂರು ಡಿಸ್ಟ್ರಿಕ್ಟ್, ಫ್ರೆಂಚ್‌ರಾಕ್ಸ್ ಅಂತ ಹುಡುಕಿ. ಪಾಂಡವಪುರದ ಆಗಿನ ಹೆಸರು ಅದು.

ಮೂಡಲಬಾಗಿಲು

ತುಂಬಾ ಉಪಕಾರ ಆಯ್ತು ಎಲ್ಲರಿಗೂ. ಒಂದಡಿ ಚೌಕ ಬಿಚ್ಚಿ ನೋಡಿದೆ, ಮಣ್ಣು ಉಂಡೆ ಕಟ್ಟುತ್ತೆ. ಜಾಕಿ ತರಿಸ್ತಿದ್ದೀನಿ. ಪೀಠ ಒಂದೂ ಕಾಣಲ್ಲ, ಎಂಟೂ ಮುಳುಗಿವೆ. ತೊಟ್ಟಿ ಮುಚ್ಚೋ ವಿಷಯ ಮಾತ್ರ ಮನೆಯಲ್ಲಿ ಬಿಡ್ತಿಲ್ಲ. ಮಳೆ ನೀರು, ಜೊತೆಗೆ ಕೋತಿ ಕಾಟ. ಪಾಲಿಕಾರ್ಬೊನೇಟ್ ಶೀಟ್ ಹಾಕಿದರೆ ಬೆಳಕೂ ಬರುತ್ತಲ್ಲ ಅಂತಾರೆ.

ನಕ್ಷೆಕಟ್ಟು

ಉಂಡೆ ಕಟ್ಟಿದೆ ಅಂದರೆ ಆ ಕೋಣೆಯಲ್ಲಿ ಯಾರೂ ಮಲಗೋದು ಬೇಡ, ಜಾಕಿ ನಿಲ್ಲೋವರೆಗೂ.

ಶೀಟ್ ಲೆಕ್ಕ ಮನೆಯವರಿಗೆ ಹೀಗೆ ತೋರಿಸಿ. ತೊಟ್ಟಿಗೆ ಬರೋ ನೀರು 864 ಚದರಡಿಯದು. ನೀವು ಮುಚ್ಚೋದು 120 ಚದರಡಿ. ಏಳರಲ್ಲಿ ಆರು ಪಾಲು ಸೂರಿನಿಂದ ಹಾಗೇ ಸುರಿಯುತ್ತೆ. ಇತ್ತ ಬಿಸಿಗಾಳಿ ಹೊರಗೆ ಹೋಗೋ ದಾರಿ ಮುಚ್ಚುತ್ತೆ, ಪಾಲಿಕಾರ್ಬೊನೇಟ್ ಕೆಳಗೆ ಏಪ್ರಿಲ್‌ನಲ್ಲಿ ಪಡಸಾಲೆ ಬೇಯುತ್ತೆ, ಒಣಗಬೇಕಾದ ಗೋಡೆಗೆ ಗಾಳಿಯೂ ತಪ್ಪುತ್ತೆ.

ಕೋತಿಗೆ ಜಾಲರಿ ಸಾಕು. ಒಂದಿಂಚಿನ ಎಂಎಸ್ (ಮೆದು ಉಕ್ಕು) ಚೌಕ ಪೈಪಿನ ಚೌಕಟ್ಟು, ಎರಡಿಂಚು ಕಣ್ಣಿನ ವೆಲ್ಡ್ ಮೆಶ್, ಸೂರಿನ ಹೆಂಚಿಗಿಂತ ಅರ್ಧ ಅಡಿ ಕೆಳಗೆ. ಚೌಕಟ್ಟು ಹೆಂಚಿಗೆ ತಾಗಬಾರದು, ಕೋತಿ ಕುಣಿದರೆ ಹೆಂಚು ಒಡೆಯುತ್ತೆ. ಭಾರ ತೊಲೆಯ ಮೇಲೆ ಕೂರಲಿ, ಬೋಲ್ಟ್ ಕೊರೆಯದೆ ಪಟ್ಟಿ ಸುತ್ತಿ ಬಿಗಿಯಿರಿ. ಈಗ ಮಾಡಿಸಬೇಡಿ, ಎರಡು ಕಂಬದ ಬುಡ ಕಟ್ಟಿ ಜಾಕಿ ತೆಗೆದ ಮೇಲೆ. ಪೂರ್ತಿ ಒಂದೇ ತುಂಡು ಬೇಡ, ಐದಡಿಗೆ ನಾಲ್ಕಡಿಯ ಆರು ಭಾಗ ಮಾಡಿ ಎರಡಕ್ಕೆ ಹಿಂಜ್ ಕೊಡಿ. ಮೂಲೆಯ ತಗಡು ಗುಡಿಸೋಕೆ ವರ್ಷಕ್ಕೆ ಎರಡು ಸಲ, ಮೇ ಕೊನೆಗೆ ಮತ್ತು ದೀಪಾವಳಿ ಹೊತ್ತಿಗೆ, ಅಲ್ಲಿಂದಲೇ ಏಣಿ ಹಾಕಬೇಕು.